ಅಜ್ಜಿಗೆ ಮನೆಗೆ ಹೋಗಲು ಆರೂವರೆ ತಾಸು ಯಾಕೆ? ಆಸ್ಪತ್ರೆ ನಡೆಸುವುದನ್ನು ಆನ್‌ಲೈನಿನಲ್ಲಿ ಕಲಿಯುವ ಬಗ್ಗೆ

ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರ್ ರೌಂಡ್ಸ್‌ಗೆ ಬರುತ್ತಾರೆ. ಗಾಯ ನೋಡಿ, ಫೈಲ್ ತಿರುವಿ, "ಅಜ್ಜಿ, ಇವತ್ತು ಮನೆಗೆ ಹೋಗಬಹುದು" ಎನ್ನುತ್ತಾರೆ. ಅಜ್ಜಿ ಸೀರೆ ಬದಲಾಯಿಸಿ, ಚೀಲ ಕಟ್ಟಿಕೊಂಡು ಬೆಡ್ ಮೇಲೆ ಕೂರುತ್ತಾರೆ. ಮಗ ಊರಿಗೆ ಫೋನ್ ಮಾಡಿ ಕಾರಿಗೆ ಹೇಳುತ್ತಾನೆ. ಹನ್ನೆರಡಾಯಿತು. ಎರಡಾಯಿತು. ಕೊನೆಗೆ ಗೇಟ್ ದಾಟುವಾಗ ನಾಲ್ಕೂವರೆ. ಇಷ್ಟೂ ಹೊತ್ತು ಕೆಳಗೆ ಎಮರ್ಜೆನ್ಸಿಯಲ್ಲಿ ಇನ್ನೊಬ್ಬರು ಸ್ಟ್ರೆಚರ್ ಮೇಲೆ ಮಲಗಿದ್ದರು. ಅವರ ಮನೆಯವರಿಗೆ ಸಿಗುತ್ತಿದ್ದ ಉತ್ತರ ಒಂದೇ: "ಬೆಡ್ ಖಾಲಿ ಇಲ್ಲ."

ನಾನು ಎಂಟು ವರ್ಷ ಒಂದು ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಇಂಥ ದಿನಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಬೈಸಿಕೊಳ್ಳುವವರು ಯಾವಾಗಲೂ ವಾರ್ಡಿನ ಸಿಸ್ಟರೇ. ಆದರೆ ಅಲ್ಲಿ ಯಾರೂ ಸುಮ್ನೆ ಕೂತಿರುವುದಿಲ್ಲ. ಡಾಕ್ಟರ್ ಓಪಿಡಿಯಲ್ಲಿರುತ್ತಾರೆ. ಬಿಲ್ಲಿಂಗಿನವರು ಕೌಂಟರಿನಿಂದ ತಲೆ ಎತ್ತುವುದಿಲ್ಲ. ಫಾರ್ಮಸಿಯವರ ಮುಂದೆ ಚೀಟಿ ಹಿಡಿದವರ ಸಾಲು. ಎಲ್ಲರೂ ದುಡಿಯುತ್ತಿದ್ದಾರೆ, ಆದರೂ ಅಜ್ಜಿಗೆ ಆರೂವರೆ ತಾಸು. ಇದು ಯಾಕೆ ಹೀಗಾಗುತ್ತದೆ, ಯಾರನ್ನೂ ಬೈಯದೆ ಇದನ್ನು ಹೇಗೆ ಸರಿ ಮಾಡಬಹುದು ಎಂದು ಹುಡುಕುವುದಕ್ಕೇ ಒಂದು ಓದು ಇದೆ. ಆರೋಗ್ಯ ಸೇವೆಗಳ ನಿರ್ವಹಣೆ ಅಂತ ಅದಕ್ಕೆ ಹೆಸರು. ಈಗ ಅದನ್ನು ಮನೆಯಲ್ಲಿ ಕೂತು, ಡ್ಯೂಟಿ ಮುಗಿಸಿ ಬಂದ ಮೇಲೆ, ಆನ್‌ಲೈನಿನಲ್ಲಿ ಓದಬಹುದು. ಆ ಓದಿನಲ್ಲಿ ಏನಿರುತ್ತದೆ, ಅದು ಯಾರಿಗೆ ಬೇಕು, ದುಡ್ಡು ಕಟ್ಟುವ ಮುಂಚೆ ಏನು ನೋಡಬೇಕು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಇದು ದೊಡ್ಡ ಆಸ್ಪತ್ರೆಯ ಎಸಿ ರೂಮಿನಲ್ಲಿ ಕೂರುವವರ ಓದು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನೋಡಿ. ಸರ್ಕಾರದ ಲೆಕ್ಕದ ಪ್ರಕಾರ ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೆ ಒಂದು. ಎಂಬಿಬಿಎಸ್ ಮುಗಿಸಿ ಬಂದ ಇಪ್ಪತ್ತೈದು ವರ್ಷದ ಡಾಕ್ಟರ್ ಅಲ್ಲಿಗೆ ಕಾಲಿಟ್ಟ ದಿನವೇ ವೈದ್ಯಾಧಿಕಾರಿ. ರೋಗಿ ನೋಡುವುದರ ಜೊತೆಗೆ ಔಷಧಿ ಇಂಡೆಂಟ್ (ಬೇಕಾದ ಔಷಧಿಗೆ ಬೇಡಿಕೆ ಕಳಿಸುವುದು) ಅವರದು, ಸಿಬ್ಬಂದಿಯ ರಜೆ ಅವರದು, ಆಶಾ ಕಾರ್ಯಕರ್ತೆಯರ ಸಭೆ ಅವರದು. ಲಸಿಕೆ ಇಡುವ ಫ್ರಿಜ್ 2ರಿಂದ 8 ಡಿಗ್ರಿಯೊಳಗೇ ಇದೆಯಾ ಎಂದು ನೋಡಿಸುವುದು, ಆರೋಗ್ಯ ರಕ್ಷಾ ಸಮಿತಿಯ ದುಡ್ಡಿಗೆ ಲೆಕ್ಕ ಕೊಡುವುದು, ತಿಂಗಳ ವರದಿ ಕಳಿಸುವುದೂ ಅವರ ಹೊಣೆಯೇ. ಕಾಲೇಜಿನಲ್ಲಿ ಇದಕ್ಕೆ ಸಿಕ್ಕ ಪಾಠ ತೀರಾ ಕಡಿಮೆ. ವಾರ್ಡ್ ಇನ್‌ಚಾರ್ಜ್ ಸಿಸ್ಟರ್, ಲ್ಯಾಬ್ ನೋಡಿಕೊಳ್ಳುವವರು, ತಾಲ್ಲೂಕು ಆಸ್ಪತ್ರೆಯ ಸ್ಟೋರ್ ನೋಡಿಕೊಳ್ಳುವವರು, ಇವರೆಲ್ಲರ ಕಥೆಯೂ ಹೀಗೇ. ನಡೆಸುವ ಕೆಲಸ ಹೆಗಲಿಗೆ ಬಂದಿರುತ್ತದೆ, ಅದನ್ನು ಕಲಿಸಿದವರು ಯಾರೂ ಇರುವುದಿಲ್ಲ.

ಒಂದು ಗುಣಾಕಾರ, ಆರು ಬೆಡ್

ಈ ಓದಿನಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಸಣ್ಣ ಲೆಕ್ಕ. ಅಮೆರಿಕದ ಜಾನ್ ಲಿಟಲ್ ಎಂಬುವರು 1961ರಲ್ಲಿ ಅದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. ಅದಕ್ಕೇ ಅದು ಲಿಟಲ್ ನಿಯಮ. ಒಂದು ಜಾಗದಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೆ? ಒಳಗೆ ಬರುವವರ ವೇಗವನ್ನು, ಪ್ರತಿಯೊಬ್ಬರೂ ಒಳಗಿರುವ ಸಮಯದಿಂದ ಗುಣಿಸಿದರೆ ಸಿಗುವಷ್ಟು. ಇಷ್ಟೇ.

ನಿಮ್ಮ ಓಪಿಡಿಗೆ ತಾಸಿಗೆ 40 ಜನ ಬರುತ್ತಾರೆ ಎನ್ನೋಣ. ಚೀಟಿ ಮಾಡಿಸಿ, ಡಾಕ್ಟರಿಗೆ ತೋರಿಸಿ, ಮಾತ್ರೆ ತೆಗೆದುಕೊಂಡು ಹೊರಗೆ ಹೋಗುವುದಕ್ಕೆ ಒಬ್ಬೊಬ್ಬರಿಗೆ ಒಂದೂವರೆ ತಾಸು ಹಿಡಿಯುತ್ತದೆ. ಹಾಗಾದರೆ ಯಾವಾಗ ನೋಡಿದರೂ ಒಳಗೆ ಸುಮಾರು 60 ಜನ. ಬೆಂಚ್ ಸಾಲುತ್ತಿಲ್ಲ ಎಂದು ಇನ್ನಷ್ಟು ಬೆಂಚ್ ತರಿಸಬಹುದು. ಅದೇ ಒಂದೂವರೆ ತಾಸನ್ನು ಒಂದು ತಾಸಿಗೆ ಇಳಿಸಿದರೆ ಒಳಗೆ 40 ಜನ, ಇದ್ದ ಬೆಂಚೇ ಸಾಕು.

ಈಗ ಇದನ್ನೇ ವಾರ್ಡಿಗೆ ಹಾಕಿ ನೋಡಿ. ದಿನಕ್ಕೆ 12 ಜನ ಅಡ್ಮಿಟ್ ಆಗುತ್ತಾರೆ, ಸರಾಸರಿ 5 ದಿನ ಇರುತ್ತಾರೆ. 60 ಬೆಡ್ ಬೇಕು. ಡಿಸ್ಚಾರ್ಜ್ ತಡ, ರಿಪೋರ್ಟ್ ತಡ ಎಂದು ಹಾಳಾಗುವ ಅರ್ಧ ದಿನವನ್ನು ಉಳಿಸಿದಿರಿ ಎನ್ನೋಣ. 12ನ್ನು ನಾಲ್ಕೂವರೆಯಿಂದ ಗುಣಿಸಿ. 54. ಒಂದು ಇಟ್ಟಿಗೆ ಇಡದೆ, ಒಂದು ಮಂಚ ಕೊಳ್ಳದೆ, ಒಬ್ಬ ರೋಗಿಯ ಚಿಕಿತ್ಸೆಯನ್ನೂ ಕಡಿಮೆ ಮಾಡದೆ ಆರು ಬೆಡ್ ಸಿಕ್ಕಿತು. ಎಂಟು ವರ್ಷ ವಾರ್ಡಿನಲ್ಲಿದ್ದೂ ನನಗೆ ಇದು ಹೊಳೆದಿರಲಿಲ್ಲ. ಬೆಡ್ ಕಡಿಮೆ ಇದೆ ಎಂದರೆ ಕಟ್ಟಡ ಚಿಕ್ಕದು ಎಂದಷ್ಟೇ ಅಂದುಕೊಂಡಿದ್ದೆ. ಅಜ್ಜಿಯ ಆರೂವರೆ ತಾಸಿಗೂ ಕೆಳಗಿನ ಸ್ಟ್ರೆಚರಿಗೂ ಇರುವ ನಂಟು ಕಂಡಿದ್ದು ಅವತ್ತೇ.

ಇದರ ಬೆನ್ನಿಗೇ ಇನ್ನೊಂದು ಲೆಕ್ಕ ಬರುತ್ತದೆ. ಅದು ಸರತಿ ಸಾಲಿನದು. ಡಾಕ್ಟರ್ ಒಬ್ಬರೇ. ಒಬ್ಬ ರೋಗಿಗೆ ಸರಾಸರಿ 5 ನಿಮಿಷ. ಜನ ಹೇಳಿ ಕೇಳಿ ಬರುವುದಿಲ್ಲ, ಒಮ್ಮೊಮ್ಮೆ ಒಟ್ಟಿಗೆ ಬರುತ್ತಾರೆ. ಕೆಲವರಿಗೆ ಎರಡೇ ನಿಮಿಷ ಸಾಕು, ಕೆಲವರಿಗೆ ಹದಿನೈದು ಬೇಕು. ಡಾಕ್ಟರಿನ ಸಮಯದಲ್ಲಿ ನೂರಕ್ಕೆ 80 ಭಾಗ ತುಂಬಿದ್ದರೆ ಸಾಲಿನಲ್ಲಿ ಸರಾಸರಿ 20 ನಿಮಿಷ ಕಾಯಬೇಕಾಗುತ್ತದೆ. 90 ಭಾಗ ತುಂಬಿದರೆ 45 ನಿಮಿಷ. 95ಕ್ಕೆ ಏರಿದರೆ 95 ನಿಮಿಷ! ಪುಸ್ತಕದ ಸೂತ್ರ ಕೊಡುವ ಉತ್ತರ ಇದು. ನಿಜವಾದ ಓಪಿಡಿಯಲ್ಲಿ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಏರುವ ರೀತಿ ಮಾತ್ರ ಹೀಗೇ ಇರುತ್ತದೆ. ಕೊನೆಯ ಬಿಡುವನ್ನೂ ಹಿಂಡಿ ತೆಗೆದಷ್ಟೂ ಸಾಲು ಸಿಡಿದು ಬೆಳೆಯುತ್ತದೆ. "ನರ್ಸ್ ಐದು ನಿಮಿಷ ಕೂತಿದ್ದಾಳೆ, ಇನ್ನೊಂದು ವಾರ್ಡ್ ಕೊಡಿ" ಎನ್ನುವ ಆಡಳಿತದವರು ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು ಅಂತ ನನ್ನ ಮನಸ್ಸಿನಲ್ಲಿ ತುಂಬಾ ದಿನದಿಂದ ಇದೆ.

ಇರುವ ಸಮಯವನ್ನು ಸರಿಯಾಗಿ ಜೋಡಿಸುವುದನ್ನು ಕೆಲಸದಲ್ಲಿ ಮಾಡಿ ತೋರಿಸಿದವರಿದ್ದಾರೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮದುರೈನಲ್ಲಿ 11 ಬೆಡ್ಡಿನಿಂದ ಶುರು ಮಾಡಿದ ಅರವಿಂದ್ ಕಣ್ಣಿನ ಆಸ್ಪತ್ರೆಯಲ್ಲಿ ಒಬ್ಬ ಸರ್ಜನ್‌ಗೆ ಎರಡು ಟೇಬಲ್. ಒಂದರ ಮೇಲೆ ಪೊರೆ ತೆಗೆಯುತ್ತಿರುವಾಗ ಪಕ್ಕದ್ದರಲ್ಲಿ ಮುಂದಿನ ರೋಗಿಯನ್ನು ನರ್ಸ್‌ಗಳು ತಯಾರು ಮಾಡಿ ಮಲಗಿಸಿರುತ್ತಾರೆ. ಸರ್ಜನ್ ತಿರುಗಿ ಕೂತರೆ ಸಾಕು. ಸಿಗುವುದು ಕಷ್ಟವಾದದ್ದು ಅವರ ಸಮಯ, ಅದು ಪೋಲಾಗದ ಹಾಗೆ ಉಳಿದದ್ದನ್ನೆಲ್ಲ ಜೋಡಿಸಿದ್ದಾರೆ. ದುಡ್ಡಿಲ್ಲದವರಿಗೆ ಬಿಟ್ಟಿ ಆಪರೇಷನ್ ಮಾಡಲು ಅವರಿಗೆ ಸಾಧ್ಯವಾಗಿರುವುದರಲ್ಲಿ ಈ ಜೋಡಣೆಯ ಪಾಲು ದೊಡ್ಡದು.

ಸ್ಟೋರ್, ಚೆಕ್‌ಲಿಸ್ಟ್, ಮತ್ತೆ ಅದೇ ಡಿಸ್ಚಾರ್ಜ್

ಪಠ್ಯದಲ್ಲಿ ಬೇರೆ ವಿಷಯಗಳೂ ಇರುತ್ತವೆ. ಹಣಕಾಸು, ವಿಮೆ, ಕಾನೂನು, ಕಸ ಬೇರ್ಪಡಿಸುವ ನಿಯಮ, ಆಸ್ಪತ್ರೆಯ ಸಾಫ್ಟ್‌ವೇರ್. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಇದೆ, ಅದನ್ನು ಓದದೆ ಆಡಳಿತಕ್ಕೆ ಇಳಿಯಬಾರದು. ಇವುಗಳಲ್ಲಿ ಸ್ಟೋರಿನ ಪಾಠ ತುಂಬಾ ಉಪಯೋಗದ್ದು. ಔಷಧಿಗಳನ್ನು ಎರಡು ರೀತಿ ವಿಂಗಡಿಸುತ್ತಾರೆ. ಒಂದು, ದುಡ್ಡಿನ ಲೆಕ್ಕದಲ್ಲಿ ಎ, ಬಿ, ಸಿ. ಸ್ವಲ್ಪವೇ ಔಷಧಿಗಳು ಬಜೆಟ್ಟಿನ ಬಹುಪಾಲು ತಿನ್ನುತ್ತವೆ, ಅವು ಎ. ಇನ್ನೊಂದು, ಜೀವದ ಲೆಕ್ಕದಲ್ಲಿ. ಇಲ್ಲದಿದ್ದರೆ ಪ್ರಾಣ ಹೋಗುವಂಥದ್ದು, ಅವಶ್ಯ ಬೇಕಾದದ್ದು, ಇದ್ದರೆ ಒಳ್ಳೆಯದು ಎನ್ನುವಂಥದ್ದು. ಅಡ್ರಿನಲಿನ್ ಇಂಜೆಕ್ಷನ್ ಅಗ್ಗ, ದುಡ್ಡಿನ ಪಟ್ಟಿಯಲ್ಲಿ ಕೆಳಗೆ ಬಿದ್ದಿರುತ್ತದೆ. ಜೀವದ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಇರುತ್ತದೆ. ಹಾವಿನ ವಿಷಕ್ಕೆ ಕೊಡುವ ಔಷಧಿ ಎರಡರಲ್ಲೂ ಮೇಲೆ. ಎರಡೂ ಪಟ್ಟಿ ಒಟ್ಟಿಗೆ ಇಟ್ಟುಕೊಂಡರೆ ದಿನಾ ಯಾವುದನ್ನು ಎಣಿಸಬೇಕು, ಯಾವುದನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಗುಣಮಟ್ಟದ ಪಾಠವನ್ನು ಹೆಚ್ಚಾಗಿ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರಿಂದ ಶುರು ಮಾಡುತ್ತಾರೆ. 1966ರಲ್ಲಿ ಅವರು ಹೇಳಿದ್ದು ಸರಳ. ಆಸ್ಪತ್ರೆಯನ್ನು ಮೂರು ಕಡೆಯಿಂದ ಅಳೆಯಬೇಕು. ಏನೇನು ಇದೆ, ಏನು ಮಾಡುತ್ತೀರಿ, ಅದರಿಂದ ರೋಗಿಗೆ ಏನಾಯಿತು. ನಮ್ಮಲ್ಲಿ ತಪಾಸಣೆಗೆ ಬಂದವರು ಮೊದಲು ನೋಡುವುದು ಏನೇನು ಇದೆ ಎನ್ನುವುದನ್ನೇ. ಗೋಡೆಗೆ ಬಣ್ಣ, ಬೋರ್ಡು, ಯಂತ್ರ. ಯಂತ್ರ ಇದ್ದೂ ಅದನ್ನು ನಡೆಸುವವರು ಇಲ್ಲದ ಕೋಣೆಗಳನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ?

ಎರಡನೆಯ ಕಡೆಗೆ, ಅಂದರೆ ಏನು ಮಾಡುತ್ತೀರಿ ಎನ್ನುವುದಕ್ಕೆ ಒಳ್ಳೆಯ ಉದಾಹರಣೆ ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಚೆಕ್‌ಲಿಸ್ಟ್. ಒಟ್ಟು 19 ಅಂಶ. ಅನಸ್ತೇಷಿಯಾ ಕೊಡುವ ಮುಂಚೆ ಕೆಲವು, ಕತ್ತಿ ಇಡುವ ಮುಂಚೆ ಕೆಲವು, ರೋಗಿಯನ್ನು ಹೊರಗೆ ತರುವ ಮುಂಚೆ ಕೆಲವು. ದೆಹಲಿ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿದಿತ್ತು. ತೊಡಕುಗಳು 11ರಿಂದ 7ಕ್ಕೆ. ಆ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದ ಅಂಶ, ಥಿಯೇಟರಿನಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು ಎನ್ನುವುದು. ಒಮ್ಮೆ ಬಾಯಿ ಬಿಟ್ಟು ಹೆಸರು ಹೇಳಿದ ಜೂನಿಯರ್ ನರ್ಸ್, ಆಮೇಲೆ "ಸರ್, ಒಂದು ಹತ್ತಿ ತುಂಡು ಲೆಕ್ಕಕ್ಕೆ ಸಿಗುತ್ತಿಲ್ಲ" ಎಂದು ಹೇಳಲು ಅಷ್ಟು ಹೆದರುವುದಿಲ್ಲ. ಇಂಥ ಕೆಲವು ಕೋರ್ಸುಗಳ ಹೆಸರಿನಲ್ಲಿ ನಿರ್ವಹಣೆಯ ಪಕ್ಕದಲ್ಲಿ "ನಾಯಕತ್ವ" ಎಂಬ ಮಾತು ಇರುತ್ತದಲ್ಲ, ಅದರ ಅರ್ಥ ನನಗೆ ಇಲ್ಲಿ ಹತ್ತಿರವಾಯಿತು. ಭಾಷಣ ಮಾಡುವವರಿಗೆ ಮಾತ್ರ ಸೇರಿದ್ದಲ್ಲ ಅದು. ಕೆಳಗಿನವರು ತಪ್ಪನ್ನು ಹೆದರದೆ ಹೇಳುವ ಹಾಗೆ ಮಾಡುವುದು ಅದರ ಮೊದಲ ಕೆಲಸ.

ಇದನ್ನು ನಾನು ಸರಿಯಾಗಿ ಕಲಿತದ್ದು ಮಾತ್ರ ನನ್ನ ಆನ್‌ಲೈನ್ ಕೋರ್ಸಿನ ಒಂದು ಅಸೈನ್‌ಮೆಂಟಿನಲ್ಲಿ. "ನಿಮ್ಮ ಕೆಲಸದ ಜಾಗದಲ್ಲಿ ಒಂದು ವಿಳಂಬವನ್ನು ಅಳೆಯಿರಿ" ಎಂದು ಕೊಟ್ಟಿದ್ದರು. ನಾನು ಡಿಸ್ಚಾರ್ಜ್ ಹಿಡಿದೆ. ಎರಡು ವಾರ, 24 ಫೈಲ್. ಪ್ರತಿ ಫೈಲಿಗೂ ಆರು ಸಮಯ ಬರೆದುಕೊಂಡೆ. ಡಾಕ್ಟರ್ ಹೇಳಿದ್ದು, ಡಿಸ್ಚಾರ್ಜ್ ಸಮರಿ (ಚಿಕಿತ್ಸೆಯ ಸಾರಾಂಶ) ಟೈಪ್ ಆಗಿದ್ದು, ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಿದ್ದು, ಬಿಲ್ ಆಗಿದ್ದು, ದುಡ್ಡು ಕಟ್ಟಿದ್ದು, ಬೆಡ್ ಖಾಲಿಯಾಗಿದ್ದು. ಕೂಡಿಸಿ ನೋಡಿದರೆ ಕೈಯಿಂದ ಮಾಡುವ ಕೆಲಸ ಒಟ್ಟು ಒಂದು ತಾಸೂ ಇರಲಿಲ್ಲ. ಉಳಿದದ್ದೆಲ್ಲ ಫೈಲ್ ಎಲ್ಲೋ ಒಂದು ಕಡೆ ಬಿದ್ದಿದ್ದ ಹೊತ್ತು. ಹೆಚ್ಚು ಹೊತ್ತು ಬಿದ್ದಿದ್ದು ಔಷಧಿ ವಾಪಸ್ ಮಾಡುವಲ್ಲಿ. ಬಳಸದೆ ಉಳಿದ ಡ್ರಿಪ್, ಇಂಜೆಕ್ಷನ್ ಲೆಕ್ಕಕ್ಕೆ ಸೇರುವವರೆಗೆ ಬಿಲ್ ಮುಗಿಯುವುದಿಲ್ಲ. ನಮ್ಮ ಅಟೆಂಡರ್ ಕೆಳಗೆ ಹೋಗುತ್ತಿದ್ದದ್ದು ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ.

ಸಂತೋಷದಿಂದ ಒಂದು ಚಾರ್ಟ್ ಮಾಡಿ ತಿಂಗಳ ಮೀಟಿಂಗಿನಲ್ಲಿ ತೋರಿಸಿದೆ. ಫಾರ್ಮಸಿ ಇನ್‌ಚಾರ್ಜ್ ಎದ್ದು ನಿಂತು, "ಎಲ್ಲಾ ನಮ್ಮ ತಲೆಗೇ ಕಟ್ತೀರಾ ಸಿಸ್ಟರ್?" ಎಂದರು. ಮೀಟಿಂಗ್ ಅಲ್ಲಿಗೇ ಮುಗಿಯಿತು. ಅಂಕಿ ಸರಿ ಇತ್ತು, ಅದನ್ನು ಇಟ್ಟ ಜಾಗ ಸರಿ ಇರಲಿಲ್ಲ. ಮಾರನೆಯ ವಾರ ಡ್ಯೂಟಿ ಮುಗಿಸಿ ಫಾರ್ಮಸಿಯಲ್ಲಿ ಒಂದು ತಾಸು ನಿಂತು ನೋಡಿದೆ. ಹನ್ನೆರಡು ಗಂಟೆಗೆ ಓಪಿಡಿಯ ಜನವೆಲ್ಲ ಅವರ ಕಿಟಕಿಯ ಮುಂದೆ ಇರುತ್ತಾರೆ. ಮಾರಾಟಕ್ಕೂ ವಾಪಸ್ಸಿಗೂ ಇದ್ದವರು ಒಬ್ಬರೇ. "ಅಣ್ಣ, ನಿಮಗೆ ಯಾವ ಹೊತ್ತಾದರೆ ಸುಲಭ?" ಎಂದು ಕೇಳಿದೆ. "ರಾತ್ರಿ ಎಂಟು ಗಂಟೆಗೆ ಕಳಿಸಿ, ಖಾಲಿ ಇರ್ತೀನಿ" ಎಂದರು. ನಾಳೆ ಮನೆಗೆ ಹೋಗಬಹುದಾದವರ ಪಟ್ಟಿಯನ್ನು ಸಂಜೆಯೇ ಮಾಡಿ, ಅವರಿಗೆ ಬೇಡದ ಔಷಧಿಯನ್ನು ರಾತ್ರಿಯೇ ಕಳಿಸಲು ಶುರು ಮಾಡಿದೆವು. ಡ್ಯೂಟಿ ಡಾಕ್ಟರ್ ಸಮರಿಯ ಅರ್ಧವನ್ನು ರಾತ್ರಿಯೇ ಬರೆದಿಡುತ್ತಿದ್ದರು. ತಿಂಗಳೊಳಗೆ ಹೆಚ್ಚಿನವರು ಊಟದ ಹೊತ್ತಿಗೆ ಮನೆಗೆ ಹೊರಡುವ ಹಾಗಾಯಿತು. ಉಪಾಯ ಫಾರ್ಮಸಿಯವರದು. ನಾನು ಮಾಡಿದ್ದು ಅಳೆದದ್ದು, ಆಮೇಲೆ ಹೋಗಿ ಕೇಳಿದ್ದು.

ಆನ್‌ಲೈನ್ ಓದಿಗೆ ಇದೇ ದೊಡ್ಡ ಅನುಕೂಲ ಎಂದು ನಾನು ನಂಬಿದ್ದೇನೆ. ಕೆಲಸ ಬಿಟ್ಟು ಎರಡು ವರ್ಷ ಕ್ಯಾಂಪಸ್ಸಿಗೆ ಹೋದರೆ ಪಾಠ ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ. ಕೆಲಸದಲ್ಲಿದ್ದು ಓದಿದರೆ ರಾತ್ರಿ ಓದಿದ್ದನ್ನು ಬೆಳಿಗ್ಗೆ ವಾರ್ಡಿನಲ್ಲಿ ನೋಡಬಹುದು. ಆದ್ದರಿಂದ ಇನ್ನೂ ಆಸ್ಪತ್ರೆಯೊಳಗೆ ಕಾಲಿಡದ, ಆಗತಾನೆ ಡಿಗ್ರಿ ಮುಗಿಸಿದ ಮಕ್ಕಳಿಗೆ ನಾನು ಆನ್‌ಲೈನ್ ಕೋರ್ಸ್ ಹೇಳುವುದಿಲ್ಲ. ಅವರಿಗೆ ಇಂಟರ್ನ್‌ಶಿಪ್ ಇರುವ ಪೂರ್ಣಾವಧಿ ಓದೇ ಒಳ್ಳೆಯದು.

ದುಡ್ಡು ಕಟ್ಟುವ ಮುಂಚೆ

ಇಲ್ಲಿ ಗೊಂದಲ ಜಾಸ್ತಿ, ಆದ್ದರಿಂದ ನಿಧಾನವಾಗಿ ಓದಿ. ಭಾರತದಲ್ಲಿ ಆನ್‌ಲೈನ್ ಮತ್ತು ದೂರಶಿಕ್ಷಣದ ಪದವಿಗಳು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಗಳ ಕೆಳಗೆ ಬರುತ್ತವೆ. ಅನುಮತಿ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿಯಂಥ ಕೋರ್ಸುಗಳನ್ನು ಆನ್‌ಲೈನಿನಲ್ಲಿ ನಡೆಸುವಂತಿಲ್ಲ. 2025ರಲ್ಲಿ ಮನಃಶಾಸ್ತ್ರ, ಮೈಕ್ರೋಬಯಾಲಜಿ, ಆಹಾರ ಮತ್ತು ಪೋಷಣೆಯಂಥ ವಿಷಯಗಳನ್ನೂ ಈ ಪಟ್ಟಿಗೆ ಸೇರಿಸಿದರು. ಆಸ್ಪತ್ರೆ ನಿರ್ವಹಣೆಯ ಆನ್‌ಲೈನ್ ಕೋರ್ಸುಗಳು ಹೆಚ್ಚಾಗಿ ಎಂಬಿಎ ಹೆಸರಿನಲ್ಲಿ ಬರುತ್ತವೆ. ಅದನ್ನು ಓದಿ ನೀವು ರೋಗಿಗೆ ಚಿಕಿತ್ಸೆ ಕೊಡುವ ಯಾವ ಹೊಸ ಅರ್ಹತೆಯನ್ನೂ ಪಡೆಯುವುದಿಲ್ಲ, ಅದು ನೆನಪಿರಲಿ.

ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಯಾವ ವರ್ಷ ಅನುಮತಿ ಇದೆ ಎಂಬ ಪಟ್ಟಿ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲೇ ಇರುತ್ತದೆ. ವಿಶ್ವವಿದ್ಯಾಲಯದ ಹೆಸರು ನೋಡಿದರೆ ಸಾಲದು, ನಿಮ್ಮ ಕೋರ್ಸಿನ ಹೆಸರೂ ಸೇರುವ ವರ್ಷವೂ ಅಲ್ಲಿರಬೇಕು. ಸೇರುವಾಗ ಆ ಬ್ಯೂರೋದ ಗುರುತಿನ ಸಂಖ್ಯೆಯನ್ನು (ಡಿಇಬಿ ಐಡಿ) ನೀವೇ ಮಾಡಿಕೊಳ್ಳಬೇಕು. ಅದಿಲ್ಲದೆಯೇ ಅಡ್ಮಿಷನ್ ಆಯಿತು ಎಂದರೆ ಅಲ್ಲೇ ನಿಲ್ಲಿ. ದಿನಕ್ಕೆ ಹತ್ತು ಸಲ ಫೋನ್ ಮಾಡಿ "ಇವತ್ತೇ ಕೊನೆ ದಿನ ಮೇಡಂ" ಎನ್ನುವವರು ಸಾಮಾನ್ಯವಾಗಿ ಕೋರ್ಸ್ ಮಾರುವ ಕಂಪನಿಯವರು, ವಿಶ್ವವಿದ್ಯಾಲಯದವರಲ್ಲ. ಆನ್‌ಲೈನ್ ಪಾಠ ಮಾರುವ ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಕೊಡುವ ಆನ್‌ಲೈನ್ ಪದವಿಗೆ ಇಲ್ಲಿ ಮಾನ್ಯತೆ ಇಲ್ಲ ಎಂದು ಯುಜಿಸಿ 2023ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಕಲಿಕೆಗಾಗಿ ಓದುವುದು ಬೇರೆ. ಸರ್ಕಾರಿ ಕೆಲಸಕ್ಕೆ, ಬಡ್ತಿಗೆ ಎಂದು ಓದುವುದಾದರೆ ಲಕ್ಷಗಟ್ಟಲೆ ಕಟ್ಟುವ ಮುಂಚೆ ನಿಮ್ಮ ಇಲಾಖೆಯಲ್ಲೇ ಬರವಣಿಗೆಯಲ್ಲಿ ಕೇಳಿ.

ಪದವಿಯೇ ಬೇಕೆಂದಿಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದವರು (ಇಗ್ನೋ) ಬಹಳ ವರ್ಷದಿಂದ ಆಸ್ಪತ್ರೆ ಮತ್ತು ಆರೋಗ್ಯ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತಿದ್ದಾರೆ. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸ್ವಯಂ ತಾಣದಲ್ಲಿ ನಿರ್ವಹಣೆ, ಗುಣಮಟ್ಟ, ಸಾರ್ವಜನಿಕ ಆರೋಗ್ಯದ ಪಾಠಗಳನ್ನು ಬಿಟ್ಟಿಯಾಗಿ ಕೇಳಬಹುದು, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ ಕಟ್ಟಬೇಕು. ಬ್ರಿಟನ್ನಿನಲ್ಲಿ ಕೆಲಸ ಮಾಡುತ್ತಿರುವ ನಮ್ಮ ನರ್ಸ್‌ಗಳು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ, ಅಂದರೆ ಎನ್‌ಎಚ್‌ಎಸ್‌ನ, ನಾಯಕತ್ವ ಅಕಾಡೆಮಿ ನಡೆಸುವ ಕೋರ್ಸುಗಳನ್ನು ವಿಚಾರಿಸಬಹುದು. ಅಲ್ಲಿ ಮೊದಲ ಹೆಜ್ಜೆ ಇಡುವವರಿಗೆ ಬೇರೆ, ತಂಡ ನಡೆಸುವವರಿಗೆ ಬೇರೆ ಎಂದು ಹಂತಗಳಿವೆ.

ಕೋರ್ಸ್ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾನು ಕೇಳುವ ಪ್ರಶ್ನೆ ಇದು: ಅಸೈನ್‌ಮೆಂಟುಗಳಲ್ಲಿ ಎಷ್ಟು ನನ್ನ ಸ್ವಂತ ಕೆಲಸದ ಜಾಗದ ಮೇಲೆ ಇರುತ್ತವೆ, ಅವನ್ನು ಓದಿ ಉತ್ತರ ಬರೆಯುವವರು ಯಾರು? ವೀಡಿಯೋ ಎಲ್ಲರೂ ಕೊಡುತ್ತಾರೆ. ನನ್ನ 24 ಫೈಲಿನ ಪಟ್ಟಿ ನೋಡಿ, "ಮೂರನೇ ಕಾಲಂನಲ್ಲಿ ಮಧ್ಯಾಹ್ನ ಯಾಕೆ ಇಷ್ಟು ನಿಲ್ಲುತ್ತಿದೆ?" ಎಂದು ಕೇಳಿದ ಒಬ್ಬ ಮೇಷ್ಟ್ರು ಸಿಗದೇ ಇದ್ದಿದ್ದರೆ ನಾನೂ ಬರೀ ಸರ್ಟಿಫಿಕೇಟ್ ಹಿಡಿದುಕೊಂಡು ಬರುತ್ತಿದ್ದೆ. ಭಾಷೆಯ ಕಷ್ಟವೂ ಇದೆ. ಪಾಠಗಳು ಹೆಚ್ಚಿನವು ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದಿಂದ ಬಂದವರು ಹಿಂಜರಿಯಬೇಡಿ. ವಾರಕ್ಕೊಮ್ಮೆ ಇಬ್ಬರು ಮೂವರು ಸಹೋದ್ಯೋಗಿಗಳು ಸೇರಿ ಆ ವಾರದ ಪಾಠವನ್ನು ಕನ್ನಡದಲ್ಲಿ ಮಾತಾಡಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ನೈಟ್ ಡ್ಯೂಟಿ ಇರುವ ವಾರ ಓದಲು ಆಗುವುದಿಲ್ಲ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ತಿಂಗಳಲ್ಲಿ ಮೂರು ವಾರ ಎಂದುಕೊಂಡು ಯೋಜನೆ ಹಾಕಿದರೆ ಸಾಗುತ್ತದೆ.

ಸೇರಬೇಕೋ ಬೇಡವೋ ಎಂದು ಇನ್ನೂ ಅನುಮಾನವಿದ್ದರೆ ಶುಲ್ಕ ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಜಾಗದಲ್ಲಿ ಜನ ಕಾಯುವ ಒಂದು ಕಡೆ ಆರಿಸಿಕೊಳ್ಳಿ. ಚೀಟಿ ಕೌಂಟರ್, ಎಕ್ಸ್‌ರೇ, ಲ್ಯಾಬ್ ರಿಪೋರ್ಟ್, ಯಾವುದಾದರೂ ಸರಿ. ಒಂದು ವಾರ ದಿನಕ್ಕೆ ಹತ್ತು ಜನರ ಬಂದ ಸಮಯ, ಹೋದ ಸಮಯ ಬರೆಯಿರಿ. ಯಾರಿಗೂ ತೋರಿಸಬೇಡಿ. ವಾರ ಮುಗಿದ ಮೇಲೆ ಆ ಎರಡು ಕಾಲಂ ನೋಡಿ ಯಾಕೆ ಹೀಗೆ ಎಂದು ಕೇಳುವ ಮನಸ್ಸಾದರೆ, ಆ ಕೌಂಟರಿನ ಒಳಗೆ ಕೂತವರನ್ನು ಹೋಗಿ ಮಾತಾಡಿಸಬೇಕು ಅನ್ನಿಸಿದರೆ, ಸೇರಿಕೊಳ್ಳಿ.